ಮುಳ್ಳು ಬಂದ ಕುಸುರೆಳ್ಳು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಉಜ್ಜುವಾಗ ಏಳುವ ಹುಳಿ ವಾಸನೆ ಈ ಸಂಕ್ರಾಂತಿಗೆ ನನ್ನ ಅಡುಗೆಮನೆ ತುಂಬಿತ್ತು. ಉಜ್ಜುತ್ತಿದ್ದುದು ವೈನಿಯ ಪರಾತ, ಅಂಚಿರುವ ಆ ಅಗಲ ತಟ್ಟೆ. ಅವರ ಮುಖ ಕಣ್ಣಿಗೆ ಕಟ್ಟಿತು, ಜೊತೆಗೆ ಹಳೆಯ ಹೊಟ್ಟೆಕಿಚ್ಚೂ ಹೊತ್ತಿಕೊಂಡಿತು.

ವೈನಿ ಅಂದರೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಎದುರು ಫ್ಲ್ಯಾಟಿನವರು, ನಮ್ಮಂತೆಯೇ ಧಾರವಾಡದ ಕಡೆಯವರು. ಸೂರ್ಯ ಪಥ ಬದಲಿಸುವ ದಿನಕ್ಕೆ ಇಲ್ಲಿ ರಜೆ ಎಲ್ಲಿಯದು... ಸಂಜೆ ಇಳಕಲ್ ಸೀರೆ ಉಟ್ಟು, ಲಿಫ್ಟ್ ಹತ್ತಿ ಮನೆಮನೆಗೆ ಕುಸುರೆಳ್ಳು ಹಂಚುತ್ತಿದ್ದೆವು.

ಸಣ್ಣ ಉರಿಯಲ್ಲಿ ಎಳ್ಳಿನ ಮೇಲೆ ಸಕ್ಕರೆ ಪಾಕ ಹನಿಹನಿ ಬಿಟ್ಟು ಬೆರಳಾಡಿಸುತ್ತ ಕೂರಬೇಕು. ಮೈತುಂಬ ಸಕ್ಕರೆಯ ಮುಳ್ಳೇಳಬೇಕು. ಅದಕ್ಕೆ ಊರಿನ ಚಳಿ ಬೇಕು. ವೈನಿ ಮಲಗುವ ಕೋಣೆಗೆ ಕರೆಂಟ್ ಒಲೆ ಒಯ್ದು, ಎಸಿ ಪೂರ್ತಿ ಏರಿಸಿ, ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು. ಅವರ ಒಂದೊಂದು ಕಾಳಿಗೂ ಮುಳ್ಳು! ನಾನೂ ಎಸಿ ಹಾಕಿದೆ, ಸ್ವೆಟರ್ ತೊಟ್ಟೆ. ನೆಗಡಿ ಬಂತು, ಮುಳ್ಳು ಬರಲಿಲ್ಲ.

"ಏನೋ ಮುಚ್ಚಿಡ್ತಾರ ನೋಡ್ರಿ ಅವರು," ಎಂದು ನಮ್ಮವರ ಹತ್ತಿರ ದೂರುತ್ತಿದ್ದೆ. ಅವರೇನೂ ಮುಚ್ಚಿಡುತ್ತಿರಲಿಲ್ಲ. ಕೇಳಿದಾಗಲೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುತ್ತಿದ್ದರು. ಅದಕ್ಕೇ ಇನ್ನಷ್ಟು ಮೈ ಉರಿಯುತ್ತಿತ್ತು. ಮೇಲಿನ ಮಹಡಿಯ ಮಂಗಳೂರಿನ ನರ್ಸ್ ಬೇರೆ, "ಅವರದ್ದು ಕೈಗುಣ ಮಾರಾಯ್ರೆ. ನಿಮ್ಮದೂ ಸಿಹಿ ಉಂಟು," ಎಂದು ಸಮಾಧಾನ ಮಾಡುತ್ತಿದ್ದರು.

ವೈನಿ ಪ್ರತಿ ವರ್ಷ ನನ್ನ ಡಬ್ಬಿಯ ಒಂದು ಕಾಳನ್ನು ಅಂಗೈಮೇಲಿಟ್ಟು, ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ.

"ರುಚಿ ಆಗ್ಯಾವ ನೋಡವಾ," ಎಂದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಮುಳ್ಳಿನ ಮಾತೇ ಇಲ್ಲ. 'ಮುಳ್ಳು ಬಂದಾವ' ಎಂದು ಅವರ ಬಾಯಿಂದಲೇ ಕೇಳಬೇಕೆಂಬುದು ನನ್ನ ಹಟ.

ಅವರ ಯಜಮಾನರು ನಿವೃತ್ತರಾಗಿ, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟಾಗ ವೈನಿ ತಮ್ಮ ಕುಸುರೆಳ್ಳಿನ ಪರಾತವನ್ನು ನನಗೆ ಕೊಟ್ಟರು. "ನಿನಗ ಬೇಕಾಗ್ತದ, ಇಟ್ಕೋ," ಎಂದರು. ನನಗೇಕೆ ಬೇಕು ಅವರ ಪರಾತ? ಕಪಾಟಿನ ಮೇಲೆ ಎಸೆದೆ. ಅಲ್ಲೇ ಧೂಳು ತಿನ್ನುತ್ತ ಬಿದ್ದಿತ್ತು... ಹೋದ ಮಳೆಗಾಲದಲ್ಲಿ ಊರಿನಿಂದ ಸುದ್ದಿ ಬಂತು, ವೈನಿ ತೀರಿಕೊಂಡರೆಂದು.

ಈ ಸಲ ಆ ಪರಾತದಲ್ಲೇ ಮಾಡಿದೆ. ಮುಳ್ಳು ಬಂತು. ಒಂದೊಂದು ಕಾಳಿಗೂ, ಮೈತುಂಬ.

ಮಗಳು "ಸೋ ಕ್ಯೂಟ್, ಅಮ್ಮಾ," ಎಂದು ಒಂದು ಹಿಡಿ ಬಾಯಿಗೆ ಸುರಿದುಕೊಂಡಳು. ನಮ್ಮವರು ಇಣುಕಿ ನೋಡಿ, "ವೈನಿ ಪರಾತದ ಗುಣ," ಎಂದರು. ಸತ್ತ ಮೇಲೂ ಹೊಗಳಿಕೆ ಅವರಿಗೇ! ಸಿಟ್ಟಿಗೆ ಅಳುವೇ ಬಂತು. ನನ್ನ ಕೈಯೋ, ಅವರ ಪರಾತವೋ... ನೋಡಿ ಹೇಳಬಲ್ಲವರು ಒಬ್ಬರೇ ಇದ್ದರು.

ಒಂದು ಕಾಳನ್ನು ಅಂಗೈಮೇಲಿಟ್ಟು ಬೆಳಕಿಗೆ ಹಿಡಿದೆ. ಎದುರು ಫ್ಲ್ಯಾಟಿನ ಬಾಗಿಲು ತೆರೆದ ಸದ್ದಾಯಿತು. ಅಲ್ಲೀಗ ಬೇರೆಯವರಿದ್ದಾರೆ. ಕಾಳನ್ನು ತಿನ್ನಲು ಮನಸ್ಸಾಗದೆ ಡಬ್ಬಿಗೇ ಹಾಕಿದೆ.