ಯಾರ ಹೊಟ್ಟಿಗಿ ಎಂದು ಕೇಳುತ್ತಿದ್ದ ಚಾಚಾ

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೇರಳೆ ಬಣ್ಣದ್ದಾಗಿರುತ್ತಿತ್ತು. ಬಾಯಿಹುಣ್ಣಿಗೆ, ತುರಿಗೆ ಹಚ್ಚುವ ನೇರಳೆ ಔಷಧವನ್ನು ದೊಡ್ಡ ಬಾಟಲಿಯಿಂದ ಸಣ್ಣ ಸೀಸೆಗಳಿಗೆ ಬಗ್ಗಿಸಿ ಬಗ್ಗಿಸಿ ಆ ಬಣ್ಣ ಉಗುರಿನೊಳಗೇ ಇಳಿದುಬಿಟ್ಟಿತ್ತು. ಆ ಉಗುರನ್ನು ಡಾಕ್ಟರ ಚೀಟಿಯ ಒಂದೊಂದು ಸಾಲಿನ ಕೆಳಗೂ ಇಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಓದಿ ತಲೆ ಎತ್ತಿದರೆಂದರೆ ಪ್ರಶ್ನೆಗಳು ಸುರುವಾದವೆಂದೇ ಲೆಕ್ಕ.

ವಿಜಾಪುರದ ಜೋರಾಪುರ ಪೇಟೆಯಲ್ಲಿ ನನ್ನ ಗಂಡನ ಮನೆಯಿಂದ ನಾಲ್ಕು ಹೆಜ್ಜೆಗೆ ಒಂದು ಔಷಧದ ಅಂಗಡಿಯಿತ್ತು. ಅಲ್ಲಿ ಅವರು ಕಂಪೌಂಡರ್. ಬಬಲೇಶ್ವರದವರು, ಮುಂಜಾನೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಎದುರಿಗೆ ಎಲ್ಲರೂ ಚಾಚಾ ಎನ್ನುತ್ತಿದ್ದರು, ಬೆನ್ನ ಹಿಂದೆ ಚೌಕಶಿ ಚಾಚಾ. ನಮ್ಮ ಕಡೆ ಚೌಕಶಿ ಎಂದರೆ ದರಕ್ಕಾಗಿ ಕೊಸರಾಡುವುದಲ್ಲ, ವಿಚಾರಿಸುವುದು. ಅವರು ವಿಚಾರಿಸದೆ ಒಂದು ಗುಳಿಗೆಯನ್ನೂ ಕೈಗೆ ಹಾಕಿದವರಲ್ಲ. ತಲೆಯ ಔಷಧವಾದರೆ "ಯಾರ ತಲಿಗಿ?" ಹೊಟ್ಟೆಯದಾದರೆ "ಯಾರ ಹೊಟ್ಟಿಗಿ?" ಅದರ ಹಿಂದೆಯೇ, ಬೇರೆ ಏನಾದರೂ ನುಂಗುತ್ತಾರೇನು, ಹೊತ್ತಿಗೆ ಉಣ್ಣುತ್ತಾರೇನು, ಮೊದಲು ಯಾವ ಔಷಧಕ್ಕಾದರೂ ಮೈಮೇಲೆ ಗಂಧೆ ಎದ್ದಿತ್ತೇನು. ಒಮ್ಮೆ ಪೇಟೆಯ ಅರಿವೆ ವ್ಯಾಪಾರಿಯೊಬ್ಬರು ಬೇಸತ್ತು, "ಚಾಚಾ, ನೀವು ಗುಳಿಗಿ ಕೊಡಾಕ ಕುಂತೀರೋ, ಹೆಣ್ಣ ನೋಡಾಕ ಬಂದೀರೋ?" ಎಂದಿದ್ದರು.

"ಹೆಣ್ಣ ನೋಡಾಕ ಬಂದವರು ಇಷ್ಟ ಕೇಳಿದ್ರ ಎಷ್ಟೋ ಮನಿ ಉಳೀತಿದ್ವು ಸಾವಕಾರ್ರ," ಎಂದರು ಚಾಚಾ, ನಗದೆ.

ಹೊಸ ಸೊಸೆಯಾಗಿದ್ದ ನನಗೆ ಅಂಗಡಿಗೆ ಹೋಗುವುದೇ ಒಂದು ತಿರುಗಾಟ. ಹಾಗಾಗಿ ಅವರ ಪ್ರಶ್ನೆಗಳು ನನಗೆ ಸೇರುತ್ತಿದ್ದವು. ಅವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನೂ ಕೇಳುತ್ತಿದ್ದರು. "ಗುಳಿಗಿ ಇಷ್ಟ ಸಣ್ಣದು ಐತಿ. ಒಳಗ ಬಿದ್ದ ಮ್ಯಾಲ ಮಣಕಾಲಿಗೆ ಹೋಗಬೇಕೋ ತಲಿಗಿ ಹೋಗಬೇಕೋ ಅಂತ ಅದಕ್ಕ ಯಾರು ಹೇಳ್ತಾರ ತಂಗಿ?" ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು, ನನಗೇನು ಗೊತ್ತು. ಆದರೆ ಮನೆಗೆ ಬಂದು ರೊಟ್ಟಿ ಬಡಿಯುವಾಗ ಅದೇ ವಿಚಾರ ತಲೆಯಲ್ಲಿ ತಿರುಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆವರೆಗೆ ಹೊಟ್ಟೆಯ ಉರಿಗೆ ನಮಗೆ ಗೊತ್ತಿದ್ದದ್ದು ಅಗಿದು ನುಂಗುವ, ಸುಣ್ಣದ ರುಚಿಯ ಗುಳಿಗೆ. ಆಗ ಹೊಸದೊಂದು ಬಂತು. ಅದು ಹೊಟ್ಟೆಯಲ್ಲಿ ಹುಳಿ ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ, ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಎಂದರು. ನಮ್ಮ ಮಾವನವರಿಗೆ ಡಾಕ್ಟರು ಅದನ್ನೇ ಆರು ವಾರಕ್ಕೆಂದು ಬರೆದುಕೊಟ್ಟರು. ಮಾವನವರು ಮೂರು ವಾರ ನುಂಗಿದರು, ಉರಿ ನಿಂತಿತು, ಗುಳಿಗೆಯನ್ನೂ ನಿಲ್ಲಿಸಿ ಉಳಿದದ್ದನ್ನು ಗೋಡೆಯ ಮಾಡದಲ್ಲಿಟ್ಟರು.

ಪಂಚಮಿಗೆಂದು ತವರುಮನೆ ಟಿಕೋಟಾಕ್ಕೆ ಹೋದಾಗ ನಮ್ಮವ್ವ ನನ್ನನ್ನು ಹಿತ್ತಲಿಗೆ ಕರೆದಳು. ಎದೆಯ ಕೆಳಗೆ ಕೈಯಿಟ್ಟು, "ಇಲ್ಲಿ ಬೆಂಕಿ ಇಟ್ಟಂಗ ಆಗತೈತಿ. ಯಾರ ಮುಂದೂ ಅನ್ನಬ್ಯಾಡ," ಎಂದಳು. ಯಾಕೆ ಅನ್ನಬಾರದು ಎಂದು ಕೇಳುವ ಅಗತ್ಯವಿರಲಿಲ್ಲ. ಆ ವರ್ಷವೇ ನಮ್ಮ ಚಿಗವ್ವನಿಗೆ, ಅಂದರೆ ಅವ್ವನ ನೆಗೆಣ್ಣಿಗೆ, ಬಂಗಾರದ ಪಾಟ್ಲಿ ಬಳೆ ಮಾಡಿಸಿದ್ದರು. ಇಪ್ಪತ್ತು ಮಂದಿ ಉಣ್ಣುವ ಮನೆ. ಅಲ್ಲಿ ಹಿರಿಯ ಸೊಸೆ ತನಗೆ ಹೊಟ್ಟಿ ಉರಿಯುತ್ತದೆ ಎಂದರೆ ಯಾರಾದರೂ ಅದನ್ನು ಬ್ಯಾನೆ ಎಂದುಕೊಳ್ಳುತ್ತಾರೆಯೇ? ಆ ಒಂದು ಮಾತಿಗೆ ಅಂಜಿ ಅವ್ವ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು.

ನನಗೆ ಮಾಡದಲ್ಲಿದ್ದ ಗುಳಿಗೆ ನೆನಪಾಯಿತು. ಗುಣ ಕೊಟ್ಟದ್ದನ್ನು ಒಬ್ಬರೇ ಇಟ್ಟುಕೊಳ್ಳುವುದು ನಮ್ಮಲ್ಲಿ ಸಣ್ಣತನ. ಮೊಸರಿನ ಹೆಪ್ಪು, ಉಪ್ಪಿನಕಾಯಿ, ಗುಳಿಗೆ, ಎಲ್ಲವೂ ಬೀಗರ ಮನೆಗೆ ಹೋಗಲೇಬೇಕು. ವಿಜಾಪುರಕ್ಕೆ ಮರಳಿದ ಮರುದಿನವೇ ಅವನ್ನು ಚುರಮರಿಯ ಗಂಟಿನಲ್ಲಿಟ್ಟು, ಟಿಕೋಟಾ ಬಸ್ಸಿಗೆ ಹೊರಟಿದ್ದ ಪರಿಚಯದವರ ಕೈಗೆ ಕೊಟ್ಟೆ. ಮೂರು ವಾರಕ್ಕೆ ಸುದ್ದಿ ಬಂತು: ಉರಿ ತಣ್ಣಗಾಗಿದೆ, ಇನ್ನಷ್ಟು ಕಳಿಸು. ನನಗೆ ಹೆಮ್ಮೆಯೋ ಹೆಮ್ಮೆ. ಮಾವನವರ ಹಳೆಯ ಚೀಟಿ ಹಿಡಿದು ಚಾಚಾನ ಮುಂದೆ ನಿಂತೆ.

ನೇರಳೆ ಉಗುರು ಚೀಟಿಯ ಮೇಲೆ ಸರಿಯಿತು. "ಯಾರ ಹೊಟ್ಟಿಗಿ?"

"ಮಾವನವರಿಗೆ ರೀ."

"ಮಾವನವರು ನಿನ್ನೆ ಇಲ್ಲೇ ನಿಂತು ಮಿರ್ಚಿಭಜಿ ತಿನ್ನಾಕತ್ತಿದ್ರು. ಉರಿ ಹೋತು ಅಂದ್ರು. ಈಗ ಖರೇ ಹೇಳು."

ಸಿಟ್ಟು ಬಂತು. ಜಗತ್ತಿನ ಉಸಾಬರಿಯೆಲ್ಲ ಇವರಿಗೇ ಬೇಕು ಎಂದುಕೊಂಡೆ. ಆದರೂ ಹೇಳಿದೆ. ಅವರು ಚೀಟಿ ಮಡಿಚಿ ನನ್ನ ಕೈಗೇ ತಿರುಗಿ ಕೊಟ್ಟರು.

"ಕೊಡೂದಿಲ್ಲ ತಂಗಿ."

"ಅವ್ವಗ ಆರಾಮ ಆಗೇತ್ರಿ ಚಾಚಾ."

"ಅದಕ್ಕ ಅಂಜಿಕಿ ಬರಾಕತ್ತೈತಿ. ಉರಿ ಆರೇತಿ, ಖರೇ. ಉರಿ ಯಾಕ ಹತ್ತಿತ್ತು ಅಂತ ಯಾರ ನೋಡ್ಯಾರ?" ಗಲ್ಲೆಯ ಮೇಜಿನ ಮೇಲೆ ಎರಡೂ ಕೈಯೂರಿ ಕುಳಿತರು. "ಅವ್ವಗ ವಯಸ್ಸೆಷ್ಟು? ಸೊರಗ್ಯಾಳೇನು? ಬ್ಯಾರೆ ಗುಳಿಗಿ ನುಂಗತಾಳೇನು?"

ಪಂಚಮಿಯಲ್ಲಿ ಅವ್ವನ ಕುಪ್ಪಸ ತೋಳಿನಲ್ಲಿ ಸಡಿಲಾಗಿದ್ದದ್ದು ಆಗ ನೆನಪಿಗೆ ಬಂತು. ಮಣಕಾಲು ನೋವಿಗೆ ಕಿರಾಣಿ ಅಂಗಡಿಯಿಂದ ತಲೆನೋವಿನ ಗುಳಿಗೆ ತರಿಸಿ ಖಾಲಿ ಹೊಟ್ಟೆಗೆ ದಿನಾ ಎರಡು ನುಂಗುತ್ತಿದ್ದದ್ದೂ ಗೊತ್ತಿತ್ತು. ಹೇಳಿದೆ. ಚಾಚಾ ಬೀದಿಯ ಕಡೆ ಮುಖ ತಿರುಗಿಸಿ, ಕೇಳಬಾರದ್ದನ್ನು ಕೇಳುವವರ ಹಾಗೆ ಹೇಳಿದರು: "ಬಯಲಕಡಿ ಹೋದಾಗ ಡಾಂಬರದಂಗ ಕರ್ರಗ ಆಗತೈತೇನು, ಕೇಳು. ಸಂಜಿ ಅನ್ನಬ್ಯಾಡ, ನಾಳಿ ಅನ್ನಬ್ಯಾಡ. ಈಗಿನ ಬಸ್ಸಿಗೇ ಹೋಗು."

ಹೋದೆ. ಅವ್ವ ಒಲೆಯ ಮುಂದೆ ಗೋಡೆಗೆ ಆತು ಕುಳಿತಿದ್ದಳು. ಕಣ್ಣಿನ ಒಳಗೆಲ್ಲ ಬಿಳಿಚಿಕೊಂಡಿತ್ತು. ನಾನು ಕಿವಿಯಲ್ಲಿ ಕೇಳಿದ್ದಕ್ಕೆ ಅವಳು ಬೆರಗಾದಳು. "ಹದಿನೈದು ದಿನ ಆತು. ನಿನಗ್ಯಾರು ಹೇಳಿದ್ರು?"

ಅವತ್ತೇ ವಿಜಾಪುರಕ್ಕೆ ಕರೆತಂದೆವು. ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೊಳಗೇ ರಕ್ತ ಸೋರುತ್ತಿದೆ ಎಂದರು ಡಾಕ್ಟರು. ಮಣಕಾಲಿಗೆಂದು ನುಂಗಿದ ಗುಳಿಗೆ ಹುಣ್ಣನ್ನು ಕೆದರಿತ್ತು, ನಾನು ಕಳಿಸಿದ ಗುಳಿಗೆ ಉರಿಯನ್ನು ಮರೆಸಿತ್ತು. ಉರಿ ಇಲ್ಲವೆಂದು ಅವ್ವ ಮಣಕಾಲಿನ ಗುಳಿಗೆಯನ್ನು ಎರಡರಿಂದ ನಾಲ್ಕು ಮಾಡಿಕೊಂಡಿದ್ದಳು. ಇನ್ನೊಂದು ವಾರ ಕಳೆದಿದ್ದರೆ ನಮ್ಮ ಕೈಯಲ್ಲಿರುತ್ತಿರಲಿಲ್ಲ ಎಂದು ಅವರು ಹೇಳಿದರು. ನನ್ನ ಅವ್ವನನ್ನು ನಾನೇ, ಪ್ರೀತಿಯಿಂದಲೇ, ಕೊಲ್ಲುತ್ತಿದ್ದೆ. ನನ್ನ ತಮ್ಮ ರಕ್ತ ಕೊಟ್ಟ. ದವಾಖಾನೆಯಲ್ಲಿ ಹನ್ನೆರಡು ದಿನ ಅವ್ವನ ಹಾಸಿಗೆಯ ಪಕ್ಕ ಬಿಡದೆ ಗಂಜಿ ಕುಡಿಸಿದವಳು ಅದೇ ಚಿಗವ್ವ.

ಅವ್ವನನ್ನು ಮನೆಗೆ ಕಳಿಸುವಾಗ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಒಯ್ದು ಚಾಚಾನ ಮುಂದಿಟ್ಟೆ. ಇಂಗ್ಲಿಷ್ ಓದಲು ಬಾರದ ನನಗೂ ಆ ಗುಳಿಗೆಯ ಹೆಸರು ಕಂಡುಹಿಡಿಯುವಷ್ಟು ಗುರುತಾಗಿತ್ತು. "ಚಾಚಾ, ನೋಡ್ರಿ, ಮತ್ತ ಅದೇ ಗುಳಿಗಿ," ಎಂದೆ. ಮಾತಿನಲ್ಲಿ ಸ್ವಲ್ಪ ಕೊಂಕಿತ್ತು.

"ಅದೇ ಅಲ್ಲ ತಂಗಿ. ಅದು ನಿಮ್ಮ ಮಾವನವರದಿತ್ತು, ಇದು ನಿಮ್ಮ ಅವ್ವಂದು. ಅವರ ಚಪ್ಪಲ್ ನೀ ಮೆಟ್ಟಕೊಂಡು ಹೋಗತೀಯೇನು?"

ಅವ್ವನಿಗೆ ಅಕ್ಷರ ಬರದೆಂದು ಪೊಟ್ಟಣದ ಮೇಲೆ ಮುಂಜಾನೆಗೆ ಸೂರ್ಯನನ್ನೂ ರಾತ್ರಿಗೆ ಚಂದ್ರನನ್ನೂ ಬರೆದುಕೊಟ್ಟರು. ಆರಾಮೆನಿಸಿದರೂ ನಡುವೆ ನಿಲ್ಲಿಸಬಾರದು, ಮುಗಿದ ಮೇಲೆ ತಾನಾಗಿ ಮುಂದುವರಿಸಬಾರದು, ಮಣಕಾಲಿನ ಗುಳಿಗೆ ಮನೆಯಲ್ಲೇ ಇರಬಾರದು, ಬೇರೆ ಯಾವ ಔಷಧ ಸುರುಮಾಡುವುದಿದ್ದರೂ ಡಾಕ್ಟರಿಗೆ ಹೇಳಬೇಕು. ಇಷ್ಟನ್ನೂ ನನ್ನಿಂದ ಎರಡು ಸಲ ಒಪ್ಪಿಸಿಕೊಂಡರು. ಆಮೇಲೆ ಕುತೂಹಲ ತಡೆಯದೆ, "ಅಲ್ಲಾ, ಎರಡ ತಿಂಗಳ ಯಾರಿಗೂ ಹೇಳಲಾರದ ಯಾಕಿದ್ಲು ನಿಮ್ಮವ್ವ?" ಎಂದು ಕೇಳಿದರು. ಪಾಟ್ಲಿಯ ಕಥೆ ಹೇಳಿದೆ. ಅವರಿಗೆ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಕೆಲವು ವರ್ಷಗಳ ಮೇಲೆ ಅವರು ಎರಡು ದಿನ ಅಂಗಡಿಗೆ ಬರಲಿಲ್ಲ. ಮೂರನೆಯ ದಿನ ಸುದ್ದಿ ಬಂತು, ಮಲಗಿದಲ್ಲೇ ಎದೆ ನಿಂತಿತ್ತಂತೆ. ಅವ್ವನಿಗೆ ಹೇಳಿಕಳಿಸಿದೆ. ಯಾವ ಬೀಗರೂರಿಗೂ ಒಬ್ಬಳೇ ಹೋಗದ ಅವ್ವ ಅವತ್ತು ಒಬ್ಬಳೇ ಟಿಕೋಟಾದಿಂದ ಬಸ್ಸು ಹತ್ತಿ ಬಂದಳು. ಇಬ್ಬರೂ ಬಬಲೇಶ್ವರಕ್ಕೆ ಹೋದೆವು. ಚಾಚಿ ನಮ್ಮ ಮುಖ ನೋಡಿ ಯಾರೆಂದು ತಿಳಿಯದೆ ಕುಳಿತಿದ್ದರು; ಅಂಗಡಿಯ ಯಾವ ಮಾತನ್ನೂ ಚಾಚಾ ಮನೆಯಲ್ಲಿ ಆಡುತ್ತಿರಲಿಲ್ಲವಂತೆ. ಅವ್ವ ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಅವರ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನನ್ನ ಮಗಳು ಬೇಡಿದ್ದಕ್ಕ ನಿಮ್ಮ ಯಜಮಾನ್ರು ಒಮ್ಮೆ ಇಲ್ಲ ಅಂದಿದ್ರು ಯವ್ವಾ. ಅದಕ್ಕ ನಾ ಇನ್ನೂ ಜೀವಂತ ಅದೇನಿ."