ಇಲ್ಲದ ದನಗಳ ಗೋಮಾಳ

ನಮ್ಮೂರಲ್ಲಿ ಈಗ ದನಗಳಿಲ್ಲ ಎಂಬುದು ನನಗೆ ಗೊತ್ತಿರುವಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ. ಊರಿನ ಹಾಲಿನ ಡೈರಿಗೆ ನಾನೇ ಸೆಕ್ರೆಟರಿ. ಯಾರ ಮನೆಯಿಂದ ಎಷ್ಟು ಹಾಲು ಬಂತು, ಅದರಲ್ಲಿ ನೀರೆಷ್ಟು ಎಂದು ದಿನಕ್ಕೆರಡು ಸಲ ನೋಡುವುದು ನನ್ನ ಕೆಲಸ. ಯಾರ ಹಸು ಗಬ್ಬವಾಗಿದೆ, ಯಾರದು ಬತ್ತಿದೆ, ಯಾರು ಕೊಟ್ಟಿಗೆ ಕೆಡವಿ ಬೈಕು ನಿಲ್ಲಿಸಲು ಶೆಡ್ ಹಾಕಿಸಿದರು, ಎಲ್ಲ ಗೊತ್ತು. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳಂತೂ ಒಂದೊಂದೇ ಜೊತೆ ಸಂತೆಗೆ ಹೋದವು. ಎಷ್ಟು ಧಾರಾಳವಾಗಿ ಎಣಿಸಿದರೂ ಊರಿನ ದನ ಮೂವತ್ತು ದಾಟುವುದಿಲ್ಲ. ಅಂಥ ನಾನೇ ಒಂದು ಬೆಳಿಗ್ಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಇನ್ನೂರ ಹನ್ನೊಂದು ದನ ಎಂದು ಬರೆದೆ.

ನಮ್ಮದು ಸಾಸ್ವೆಹಳ್ಳಿಯಿಂದ ಸ್ವಲ್ಪ ಒಳಗೆ ಇರುವ ಸಣ್ಣ ಊರು. ಊರ ಬೆನ್ನಿಗೆ ನಾಲೆ, ನಾಲೆಯಿಂದ ಈಚೆಗೆ ಗೋಮಾಳ. ನಾನು ಚಿಕ್ಕವನಿದ್ದಾಗ ದನ ಕಾಯುವವನು ಬೆಳಿಗ್ಗೆ ಬೀದಿಯ ತುದಿಯಲ್ಲಿ ನಿಂತು ಒಂದು ಕೂಗು ಹಾಕಿದರೆ ಸಾಕು, ಮನೆಮನೆಯಿಂದ ದನಗಳು ಹೊರಟು ಬೀದಿ ತುಂಬಿಕೊಳ್ಳುತ್ತಿದ್ದವು. ಸಂಜೆ ತಿರುಗಿ ಬರುವಾಗ ತಮ್ಮ ತಮ್ಮ ಮನೆಯನ್ನು ಅವೇ ಹುಡುಕಿಕೊಂಡು ಒಳಗೆ ಹೋಗುತ್ತಿದ್ದವು. ಕಾಯುವವನು ಕೊನೆಯ ದನ ಒಳಗೆ ಹೋಗುವ ತನಕ ನಿಂತಿದ್ದು, ಆಮೇಲೆ ಅವತ್ತಿನ ಸರದಿಯ ಮನೆಯ ಮುಂದೆ ಬಂದು ರೊಟ್ಟಿಗೆ ಕೈಯೊಡ್ಡುತ್ತಿದ್ದ. ಜಗಳೂರು ಕಡೆಯಿಂದ ಹುಡುಗನಾಗಿ ಬಂದವನು ಅವನು. ಇಲ್ಲೇ ಮದುವೆಯಾದ, ನಾಲೆ ಏರಿಯ ಮೇಲೆ ಗುಡಿಸಲು ಹಾಕಿಕೊಂಡ, ಇಲ್ಲೇ ಮುದುಕನಾದ. ಊರಿಗೆಲ್ಲ ಅಜ್ಜನಾದ. ನನ್ನ ಅಪ್ಪನ ವಯಸ್ಸಿನವನು, ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ನಾನು ಏಕವಚನದಲ್ಲಿ. ಊರೆಲ್ಲ ಹಾಗೇ ಕರೆಯುತ್ತಿದ್ದುದರಿಂದ ಅದರಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಬಹಳ ವರ್ಷ ಅನ್ನಿಸಲೇ ಇಲ್ಲ.

ಅವನ ಹಿಂದೆ ನಾಟಿಗೆ, ಕೊಯ್ಲಿಗೆ ಎಂದು ಅದೇ ಕಡೆಯ ಇನ್ನಷ್ಟು ಜನ ಬಂದು ಏರಿಯ ಮೇಲೇ ಉಳಿದರು. ಒಟ್ಟು ಹದಿನಾಲ್ಕು ಗುಡಿಸಲು. ಅಜ್ಜನ ಗುಡಿಸಲಿನಲ್ಲಿ ಅವನು, ಹೆಂಡತಿ, ಗಂಡ ಸತ್ತು ತವರಿಗೆ ಬಂದ ಮಗಳು, ಅವಳ ಎರಡು ಹೆಣ್ಣುಮಕ್ಕಳು. ನಮ್ಮ ಗದ್ದೆಗಳಲ್ಲಿ ಪೈರು ಹಚ್ಚುತ್ತಿದ್ದವರೆಲ್ಲ ಆ ಏರಿಯ ಹೆಂಗಸರೇ. ಮಕ್ಕಳು ನಮ್ಮ ಶಾಲೆಯಲ್ಲೇ ಓದಿದವರು. ಆದರೂ ಊರ ಬಾಯಲ್ಲಿ ಅವರು ಇವತ್ತಿಗೂ ಜಗಳೂರಿನವರೇ.

ಎರಡು ವರ್ಷದ ಹಿಂದೆ ನಾಲೆ ರಿಪೇರಿಗೆ ಏರಿ ಖಾಲಿ ಮಾಡಬೇಕು ಎಂದು ಅವರಿಗೆ ನೋಟೀಸು ಬಂತು. ಅವರು ಹೊನ್ನಾಳಿಯ ತಾಲ್ಲೂಕು ಕಚೇರಿಗೆ ಹೋಗಿ, ಗೋಮಾಳದ ಒಂದು ಮೂಲೆಯಲ್ಲಿ ತಮಗೆ ನಿವೇಶನ ಕೊಡಿ ಎಂದು ಅರ್ಜಿ ಹಾಕಿದರು. ಗೋಮಾಳಕ್ಕೊಂದು ನಿಯಮವಿದೆ. ಊರಲ್ಲಿ ಇಷ್ಟು ದನ ಇದ್ದರೆ ಇಷ್ಟು ಜಮೀನು ಮೇವಿಗೆ ಬಿಡಬೇಕು, ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮನೆಗೆ ಕೊಡಬಹುದು. ದನ ಕಮ್ಮಿ ಇದ್ದಷ್ಟೂ ಮನೆಗೆ ಜಾಗ ಜಾಸ್ತಿ. ಊರವರ ಒಪ್ಪಿಗೆ ಇದೆಯೇ, ದನ ಎಷ್ಟಿವೆ ಎಂದು ಕೇಳಿ ಊರಿಗೆ ಪತ್ರ ಬಂತು.

ಸಭೆ ಸೇರಿದ್ದು ಡೈರಿಯ ಜಗಲಿಯ ಮೇಲೆ. ಏರಿಯವರನ್ನು ಯಾರೂ ಕರೆದಿರಲಿಲ್ಲ. ಮನೆ ಬೇಡ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ, ಅಷ್ಟು ಒಳ್ಳೆಯ ಜನ ನಾವು. ಎಲ್ಲರಿಗೂ ದನಗಳದ್ದೇ ಚಿಂತೆ.

"ಬಡವ್ರಿಗೆ ಮನೆ ಆಗ್ಲಿ, ಯಾರು ಬ್ಯಾಡ ಅಂದ್ರು? ಆದ್ರೆ ನಮ್ಮ ದನ ಎಲ್ಲಿಗೆ ಹೋಗ್ಬೇಕ್ರಿ?" ಅಂದವರು ಕೊನೆಯ ಎಮ್ಮೆಯನ್ನು ಮಾರಿ ಮೂರು ವರ್ಷವಾಗಿತ್ತು. ಅವರ ಮನೆಯ ಚಹಾಕ್ಕೆ ಹಾಲು ಅಂಗಡಿಯ ಪ್ಯಾಕೆಟ್ಟಿನದು.

"ಇವತ್ತು ಹದಿನಾಲ್ಕು ಮನೆ, ನಾಳೆ ನಲವತ್ತು. ಆಮೇಲೆ ಪಂಚಾಯ್ತಿನೂ ಅವರ್ದೇ" ಎಂದು ಇನ್ನೊಬ್ಬರು ಬಾಯಿ ಬಿಟ್ಟರು. ಪಕ್ಕದವರು ಅವರ ಮೊಣಕಾಲು ಒತ್ತಿ ಸುಮ್ಮನಾಗಿಸಿದರು.

ನನಗೆ ಒಳಗೊಳಗೇ ನಗು ಬರುತ್ತಿತ್ತು. ಆದರೆ ನಗುವ ಯೋಗ್ಯತೆ ನನಗೂ ಇರಲಿಲ್ಲ. ಆ ಗೋಮಾಳದಲ್ಲಿ ದನ ಮೇಯುವುದು ನಿಂತ ಮೇಲೆ ಊರು ಅದನ್ನು ಸುತ್ತಲಿಂದ ಮೇಯತೊಡಗಿತ್ತು. ಒಬ್ಬರ ಹುಲ್ಲಿನ ಬಣವೆ, ಒಬ್ಬರ ತಿಪ್ಪೆ, ಒಬ್ಬರ ಸಾಗುವಾನಿ ಗಿಡಗಳು. ನಮ್ಮ ಹೊಲಕ್ಕೆ ಅಂಟಿಕೊಂಡಿದ್ದ ಕಡೆ ಅಪ್ಪ ವರ್ಷಕ್ಕೆರಡು ಸಾಲು ಒಳಗೆ ಉತ್ತಿದ್ದರು, ನಾನೂ ಉತ್ತೆ. ಈಗ ಅದು ಅರ್ಧ ಎಕರೆ ಮೆಕ್ಕೆಜೋಳ. ನಿವೇಶನ ಕೊಡುವುದೆಂದರೆ ಸರ್ವೇಯವರು ಬರುತ್ತಾರೆ, ಅಳತೆ ಹಿಡಿಯುತ್ತಾರೆ, ಎಲ್ಲರ ಬಂಡವಾಳ ಬಯಲಾಗುತ್ತದೆ. ಜಗಲಿಯ ಮೇಲೆ ಕೂತ ಪ್ರತಿಯೊಬ್ಬರಿಗೂ ಇದು ಗೊತ್ತಿತ್ತು, ಅದಕ್ಕೇ ಯಾರೂ ಹೇಳಲಿಲ್ಲ.

ಸಭೆ ಮುಗಿದು ಎಲ್ಲರೂ ಎದ್ದ ಮೇಲೆ ನನ್ನ ದೊಡ್ಡಪ್ಪ ಉಳಿದರು. ಹಿಂದೆ ಪಂಚಾಯಿತಿ ಮೆಂಬರಾಗಿದ್ದವರು. ದನಿ ಏರಿಸದೆ ಊರನ್ನು ನಡೆಸುವವರು.

"ದನದ ಪಟ್ಟಿ ನೀನೇ ಬರೀಬೇಕು. ಡೈರಿಯವನು ಬರದ್ರೆ ನಂಬ್ತಾರೆ."

"ಇರೋದೇ ಇಪ್ಪತ್ತೆಂಟು ದೊಡ್ಡಪ್ಪ. ಸುಳ್ಳು ಬರಿಯಾಕೆ ಆಗಲ್ಲ ನನಗೆ" ಅಂದೆ. ಇದನ್ನು ಹೇಳಿದೆ ಎಂದು ಈಗಲೂ ಆಗಾಗ ನೆನಪಿಸಿಕೊಂಡು ಸಮಾಧಾನ ಪಡಲು ನೋಡುತ್ತೇನೆ.

"ನಿನಗೆ ಸುಳ್ಳು ಹೇಳು ಅಂದೋರ್ಯಾರು? ದನ ಕಾಯೋ ಅಜ್ಜನ್ನ ಕರ್ಸು. ಅವನು ಹೇಳಿದಂಗೆ ಬರಿ."

ಅವರ ಮಾತಿನ ಅರ್ಥ ನನಗೆ ಆ ಕ್ಷಣವೇ ಆಯಿತು. ಆಗಲಿಲ್ಲ ಎಂದು ಬರೆದರೆ ಇಷ್ಟೆಲ್ಲ ಬರೆದೂ ಪ್ರಯೋಜನವಿಲ್ಲ. ಅಜ್ಜನಿಗೆ ಅರಳುಮರಳೇನೂ ಆಗಿರಲಿಲ್ಲ. ದನಗಳು ಹೋದದ್ದು ಅವನಿಗೂ ಗೊತ್ತು, ಹೋಗುವಾಗ ಒಂದೊಂದನ್ನೂ ಊರಾಚೆಯ ತನಕ ಕಳಿಸಿ ಬಂದವನು ಅವನೇ. ಆದರೆ ಅವನು ಜೀವಮಾನದಲ್ಲಿ ಮಾಡಿದ್ದು ಅದೊಂದೇ ಕೆಲಸ. ಡೈರಿಯ ಮುಂದೆ ಹಾದುಹೋಗುವಾಗಲೆಲ್ಲ ಯಾವುದಾದರೊಂದು ಹಳೆಯ ಹಸುವಿನ ಮಾತು ತೆಗೆಯದೆ ಅವನು ಮುಂದೆ ಹೋಗುತ್ತಿರಲಿಲ್ಲ.

ಮರುದಿನ ಏರಿಗೆ ಹೋದೆ. ಅಜ್ಜ ಗುಡಿಸಲಿನ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಕಟ್ಟಲು ದನವಿಲ್ಲದಿದ್ದರೂ ಅವನು ಹಗ್ಗ ಹೊಸೆಯುವುದು ಬಿಟ್ಟಿರಲಿಲ್ಲ.

"ಅಜ್ಜ, ನಾಳಿದ್ದು ಸಾಹೇಬ್ರು ಬರ್ತಾರೆ. ಊರಿನ ದನದ ಲೆಕ್ಕ ಕೇಳ್ತಾರೆ. ನೀನು ಕಾದಿದ್ದು ಒಂದೂ ಬಿಡದಂಗೆ ಹೇಳ್ಬೇಕು" ಅಂದೆ.

"ಯಾಕ್ರಿ ಅಣ್ಣಾರೆ?"

"ಮನೆ ವಿಚಾರಕ್ಕೆ."

ಒಂದೊಂದು ಪದವಾಗಿ ನೋಡಿದರೆ ಇದರಲ್ಲಿ ಸುಳ್ಳಿಲ್ಲ. ಒಳಗಿನಿಂದ ಅವನ ಹೆಂಡತಿ ಬಂದಳು. ಅವಳ ಮುಖ ಅರಳಿತ್ತು. "ಆ ಲೆಕ್ಕ ಕೇಳ್ತಾರಾ? ಹಂಗಾದ್ರೆ ಮೊದಲ್ನೇ ಮನೆ ನಮಗೇ ಬಿಡ್ರಿ. ಇವರಷ್ಟು ದನ ಕಾದೋರು ಈ ಸೀಮ್ಯಾಗೆ ಯಾರವ್ರೆ?" ಅಂದಳು. ಅಲ್ಲ ಅಜ್ಜಿ, ದನ ಜಾಸ್ತಿ ಹೇಳಿದಷ್ಟೂ ನಿಮ್ಮ ಮನೆ ದೂರ ಹೋಗುತ್ತೆ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಅವಳು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಅಧಿಕಾರಿ ಬಂದ ದಿನ ಗೋಮಾಳ ನೋಡಬೇಕಿತ್ತು. ದೊಡ್ಡಪ್ಪ ಪಕ್ಕದೂರಿನ ಬೀಗರ ಮನೆಯಿಂದ ನಾಲ್ಕು ಜೊತೆ ಎತ್ತು, ಆರೇಳು ಹಸು ಹೊಡೆಸಿಕೊಂಡು ಬಂದು ಅಲ್ಲಲ್ಲಿ ಮೇಯಲು ಬಿಟ್ಟಿದ್ದರು. ಅವಕ್ಕೆ ಹೊಸ ಜಾಗ, ಮೇಯುವುದು ಬಿಟ್ಟು ನಮ್ಮನ್ನೇ ನೋಡುತ್ತಾ ನಿಂತಿದ್ದವು. ಬಂದ ಸಾಹೇಬರು ಇನ್ನೂ ಚಿಕ್ಕ ವಯಸ್ಸಿನವರು, ಊರಿಗೆ ಹೊಸಬರು, ಮಧ್ಯಾಹ್ನದೊಳಗೆ ಇನ್ನೂ ಎರಡು ಊರು ಮುಗಿಸಬೇಕಿತ್ತು.

ಅಜ್ಜ ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಂದಿದ್ದ. ಬೇವಿನ ಮರದ ಕೆಳಗೆ ನಾವು ಕುರ್ಚಿ ಹಾಕಿದ್ದೆವು, ಅವನು ಕುರ್ಚಿ ಬೇಡವೆಂದು ನೆಲದ ಮೇಲೆ ಕೂತ. ಕೋಲನ್ನು ಮುಂದಿಟ್ಟುಕೊಂಡು ಕಣ್ಣು ಮುಚ್ಚಿದ.

"ಮೇಲ್ಮನೆಯವ್ರದ್ದು ಕೆಂದ, ಬಿಳಿಯ ಅಂತ ಒಂದು ಜೊತೆ ಎತ್ತು. ಕಪಿಲೆ ಒಂದು, ಅದರ ಕಡಸು ಒಂದು, ಎಮ್ಮೆ ಎರಡು. ಅದರ ಪಕ್ಕದ ಮನೇದು ಮಚ್ಚೆ ಹಸು, ಹಾಯಾಕೆ ಬರೋದು ಅದು, ಮಕ್ಕಳ್ನ ಕಂಡ್ರೆ ಆಗ್ತಿರ್ಲಿಲ್ಲ. ಬರಕೊಂಡ್ರಾ?"

ಬೆಳಗಿನ ಹೊತ್ತು ದನಗಳು ಬೀದಿಗೆ ಇಳಿಯುತ್ತಿದ್ದ ಸಾಲಿನಲ್ಲೇ ಅವನು ಮನೆಮನೆ ಹಿಡಿದು ಹೇಳುತ್ತಾ ಹೋದ. ಬಣ್ಣ, ಕೊಂಬು, ನಡಿಗೆ ಒಂದನ್ನೂ ಬಿಡಲಿಲ್ಲ. ಈಗ ಗೋಡೆ ಬಿದ್ದಿರುವ ಮನೆಗಳ ದನಗಳನ್ನೂ ಹೇಳಿದ. ನಾನು ಬರೆಯುತ್ತಿದ್ದೆ. ಅಕ್ಷರ ಚೆನ್ನಾಗಿಯೇ ಬಂದಿತ್ತು. ನಡುವೆ ಒಂದು ಸಲ ಅವನು 'ಬರೋದು', 'ಆಗ್ತಿರ್ಲಿಲ್ಲ' ಎಂದು ಹಿಂದಿನ ಕಾಲದ ಮಾತಾಡುವುದು ಸಾಹೇಬರ ಕಿವಿಗೆ ಬಿದ್ದೀತೆಂದು ಹೆದರಿ ಅವರ ಮುಖ ನೋಡಿದೆ. ಅವರು ಬೆರಗಾಗಿ ಮುದುಕನನ್ನೇ ನೋಡುತ್ತಿದ್ದರು.

"ಹೆಸರು ಸಮೇತ ಹೇಳ್ತಾರಲ್ರಿ" ಅಂದರು.

ನಮ್ಮ ಮನೆಯ ಸರದಿ ಬಂದಾಗ ಅಜ್ಜ ಕಣ್ಣು ಬಿಟ್ಟು ನನ್ನನ್ನು ನೋಡಿ ನಕ್ಕ. "ಅಣ್ಣಾರ ಮನೇವು ಎಂಟು" ಅಂದ. ನಮ್ಮ ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಒಂದು ಸೀಮೆ ಹಸು. ಎಂಟು ಎಂದು ಬರೆದೆ.

ಕೂಡಿದರೆ ಇನ್ನೂರ ಹನ್ನೊಂದು. "ಸರೀನಾ ಸೆಕ್ರೆಟ್ರಿ?" ಎಂದು ಸಾಹೇಬರು ನನ್ನನ್ನು ಕೇಳಿದರು. ಅಜ್ಜನೂ ನನ್ನನ್ನೇ ನೋಡುತ್ತಿದ್ದ, ಪರೀಕ್ಷೆ ಬರೆದ ಹುಡುಗ ಮೇಷ್ಟ್ರನ್ನು ನೋಡುವ ಹಾಗೆ.

"ಇವರಿಗೆ ಗೊತ್ತಿದ್ದಂಗೆ ಊರಾಗೆ ಇನ್ಯಾರಿಗೂ ಗೊತ್ತಿಲ್ಲ ಸಾರ್" ಅಂದೆ.

ಅಜ್ಜ ಹೆಬ್ಬೆಟ್ಟು ಒತ್ತಿದ. ಬೆರಳಿನ ಮಸಿಯನ್ನು ಎಣ್ಣೆ ಹಚ್ಚಿದ ಕೂದಲಿಗೆ ಒರೆಸಿಕೊಂಡು, ಏರಿಯ ಕಡೆ ಹಗುರವಾಗಿ ನಡೆದುಹೋದ. ಅವನು ಅಷ್ಟು ಬೀಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ತಿಂಗಳೊಪ್ಪತ್ತಿಗೆ ಉತ್ತರ ಬಂತು. ಊರಿನ ದನಗಳಿಗೇ ಗೋಮಾಳ ಸಾಲದು, ಮನೆಗೆ ಕೊಡಲು ಜಾಗವಿಲ್ಲ. ಅವತ್ತು ಸಂಜೆ ದೊಡ್ಡಪ್ಪ ಡೈರಿಗೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರು. ಯಾರೂ ಆ ವಿಷಯ ಎತ್ತಲಿಲ್ಲ, ಮಳೆ ಬೆಳೆ ಮಾತಾಡಿಕೊಂಡು ತಿಂದರು. ನಾನೂ ತಿಂದೆ. ಖಾರ ಹತ್ತಿ ಕಣ್ಣಲ್ಲಿ ನೀರು ಬಂದಾಗ ಒಂದು ಗಳಿಗೆ ಹಾಯೆನಿಸಿತು. ಮೆಕ್ಕೆಜೋಳ ಆ ವರ್ಷ ಚೆನ್ನಾಗಿ ಬಂತು.

ಏರಿಯವರು ಯಾರ ಮನೆ ಮುಂದೆಯೂ ಬಂದು ಕೂಗಾಡಲಿಲ್ಲ. ಒಬ್ಬೊಬ್ಬರೇ ತಗಡು ಬಿಚ್ಚಿ ಹೊರಟರು. ಕೆಲವರು ನ್ಯಾಮತಿ ಕಡೆ ಇಟ್ಟಿಗೆ ಗೂಡಿಗೆ, ಕೆಲವರು ಚನ್ನಗಿರಿ ಕಡೆ ಯಾರದೋ ತೋಟದ ಶೆಡ್ಡಿಗೆ. ಮುಂದಿನ ನಾಟಿಗೆ ಹೆಣ್ಣಾಳು ಸಿಗದೆ ನಾವೆಲ್ಲ ಪರದಾಡಿದೆವು, ಅದು ಬೇರೆ ಮಾತು. ಅಜ್ಜನ ಮನೆಯವರೂ ಇಟ್ಟಿಗೆ ಗೂಡಿಗೇ ಹೋಗುವುದೆಂದಾಯಿತು. ಅಲ್ಲಿ ಇರಲು ಜಾಗ ಸಿಕ್ಕಿದ್ದು ಮಗಳ ದುಡಿಮೆಯ ಮೇಲೆ.

ಹೊರಡುವ ಹಿಂದಿನ ದಿನ, ಬೆಳಗಿನ ಹಾಲು ಅಳೆದು ನಾನು ಕ್ಯಾನು ತೊಳೆಯುತ್ತಿದ್ದಾಗ ಅಜ್ಜ ಬಂದು ಜಗಲಿಯ ಕೆಳಗೆ ನಿಂತ. ಮೇಲೆ ಬಾ ಅಂದರೂ ಬರಲಿಲ್ಲ.

"ಮನೆ ಬರ್ಲಿಲ್ವಂತಲ್ರಿ ಅಣ್ಣಾರೆ."

"ಹೂಂ ಅಜ್ಜ."

"ನಂದೇ ತಪ್ಪು."

ನಾನು ಕ್ಯಾನು ಕೆಳಗಿಟ್ಟೆ. ಎಲ್ಲ ಗೊತ್ತಾಗಿದೆ, ಬೈಯಲು ಬಂದಿದ್ದಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಒಂದು ಬಿಟ್ಟಿದ್ದೆ" ಅಂದ. "ನಿಮ್ಮನೇದೇ. ಕೊಂಬು ಮುರ್ದಿದ್ದ ಎಮ್ಮೆ. ನಿಮ್ಮವ್ವ ಅದನ್ನ ಎಲ್ಲಾದ್ಕಿಂತ ಕೊನೆಗೆ ಬಿಡೋರು, ಹಿಂದೆ ಹಿಂದೆ ಬರೋದು ಅದು. ಹಂಗಾಗಿ ಮರ್ತುಬಿಟ್ಟೆ. ಲೆಕ್ಕ ತಪ್ಪೈತೆ ಅಂತ ಸಾಹೇಬ್ರಿಗೆ ಗೊತ್ತಾಗಿರ್ಬೇಕು, ಅದಕ್ಕೇ ಕೊಡ್ಲಿಲ್ಲ. ಈಗ ಸೇರ್ಸಾಕೆ ಬರ್ತೈತಾ?"

ಅವನಿಗೆ ನಿಜ ಹೇಳಲು ನನಗೆ ಸಿಕ್ಕ ಕೊನೆಯ ಅವಕಾಶ ಅದು. ಒಳಗೆ ಹೋಗಿ ಹಾಲಿನ ಪುಸ್ತಕ ತಂದು, ಕೊನೆಯ ಹಾಳೆ ತೆಗೆದು, ಅವನೆದುರಿಗೇ 'ಎಮ್ಮೆ, ಒಂದು' ಎಂದು ಬರೆದೆ. ಅವನಿಗೆ ಓದಲು ಬರುವುದಿಲ್ಲ. ಆದರೂ ಬಗ್ಗಿ ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದ.

"ಕೊಂಬು ಮುರ್ದಿದ್ದು ಅಂತಾನೂ ಹಾಕ್ರಿ" ಅಂದ.

ಹಾಕಿದೆ.