ಒಂದೇ ಕೈಯಲ್ಲಿ ಬಿಚ್ಚುವ ಚಾಕು

ಮೂರು ವರ್ಷದ ಮಗುವಿರುವ ಮನೆಗೆ ಎಂಥ ಚಾಕು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಯಾವುದೂ ಒಳ್ಳೆಯದಲ್ಲ ಎನ್ನುತ್ತೇನೆ. ಆದರೆ ದೇವಸಮುದ್ರದ ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ನಾನು ಮದುವೆಯಾಗಿ ಬರುವುದಕ್ಕೆ ಎಷ್ಟೋ ಮೊದಲಿನಿಂದ ಅಲ್ಲೊಂದು ಮಡಚುವ ಚಾಕು ಇತ್ತು. ನಮ್ಮ ಅತ್ತೆ ಹುಚ್ಚಕ್ಕನ ಸೊಂಟದ ಸಂಚಿಯಲ್ಲಿ, ಎಲೆ ಅಡಿಕೆ ಮತ್ತು ಸುಣ್ಣದ ಡಬ್ಬಿಯ ಪಕ್ಕದಲ್ಲಿ ಅದರ ವಾಸ.

ಅತ್ತೆಯ ದಿನವೆಲ್ಲ ಆ ಚಾಕುವಿನಲ್ಲೇ ಸಾಗುತ್ತಿತ್ತು. ಬೆಳಿಗ್ಗೆ ಅಡಿಕೆ ಕೆರೆಯುವುದು ಅದರಲ್ಲಿ. ಕುರಿಗಳ ಹಿಂದೆ ಹೋದಾಗ ಮರಿಗಳಿಗೆ ಸೊಪ್ಪು ಕೊಯ್ಯುವುದು, ಹಗ್ಗ ಕತ್ತರಿಸುವುದು, ಗೊರಸಿನ ಸಂದಿಯಲ್ಲಿ ಮುರಿದು ಕೂತ ಜಾಲಿಮುಳ್ಳು ಬಗೆದು ತೆಗೆಯುವುದು, ಎಲ್ಲವೂ ಅದರಲ್ಲೇ. ಮಧ್ಯಾಹ್ನ ಅದನ್ನೇ ಸೆರಗಿಗೆ ಒರೆಸಿ ಈರುಳ್ಳಿ ಹೆಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ಸಂಜೆ ಮನೆಗೆ ಬಂದು ಅದೇ ಚಾಕುವಿನಲ್ಲಿ ನನ್ನ ಮಗಳು ಕಾಂಚನಾಗೆ ಸೌತೆಕಾಯಿ ಸೀಳಿ ಕೊಡುತ್ತಿದ್ದರು. ನಾನು ದಾವಣಗೆರೆಯಲ್ಲಿ ಹುಟ್ಟಿ ಓದಿದವಳು. ಮಗುವಿನ ಹಾಲಿನ ಲೋಟವನ್ನು ಎರಡೆರಡು ಸಲ ಕುದಿಸುವವಳು. ಆ ಸೌತೆಕಾಯಿಯನ್ನು ಕಂಡಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಹೇಳಿ ಹೇಳಿ ಸೋತೆ. ಮಗು ಗುಂಡುಕಲ್ಲಿನ ಹಾಗೆ ಐತಲ್ಲ, ಇನ್ನೇನು ಬೇಕು ನಿಂಗೆ ಅನ್ನುತ್ತಿದ್ದರು ಅತ್ತೆ.

ಅವರು ಗೌರಸಮುದ್ರದ ಕಡೆಯವರು. ಸಿಟ್ಟು ಬಂದಾಗ ತೆಲುಗಿನಲ್ಲಿ ಬೈಯುತ್ತಾರೆ, ಕುರಿಗಳನ್ನು ಮುದ್ದು ಮಾಡುವಾಗಲೂ ತೆಲುಗು. ಮಾವ ತೀರಿಕೊಂಡಾಗ ನನ್ನ ಗಂಡ ಗೋವರ್ಧನ ಇನ್ನೂ ಶಾಲೆಯಲ್ಲಿದ್ದನಂತೆ. ಕುರಿ ಮಾರಿ ತವರಿಗೆ ಬಾ ಎಂದು ಅಣ್ಣಂದಿರು ಕರೆದರೂ ಅತ್ತೆ ಹೋಗಲಿಲ್ಲ. ಕುರಿಗಳ ಹಿಂದೆ ಹೋಗಿಯೇ ಮಗನನ್ನು ಓದಿಸಿದರು, ಮೊಳಕಾಲ್ಮೂರಿನಲ್ಲಿ ಅವನಿಗೆ ಮೋಟಾರು ರಿಪೇರಿ ಅಂಗಡಿ ಹಾಕಿಸಿಕೊಟ್ಟರು. ಯಾರ ಮನೆ ಬಾಗಿಲಿಗೂ ಹೋಗಿ ಸ್ವಲ್ಪ ಬಾರಪ್ಪ ಎಂದು ಕರೆದವರಲ್ಲ. ಇದನ್ನು ಅವರು ದಿನಕ್ಕೊಂದು ಸಲವಾದರೂ ಹೇಳುತ್ತಾರೆ.

ಹೋದ ವರ್ಷ ಶೇಂಗಾ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಅವರ ಎಡಗೈಯ ಹೆಬ್ಬೆರಳು, ತೋರುಬೆರಳು ಹೋದವು. ಉಳಿದ ಮೂರು ಬೆರಳು ಕಟ್ಟಿಗೆಯ ಹಾಗೆ ನೆಟ್ಟಗಾದವು, ಮಡಚುವುದಿಲ್ಲ. ಹಲ್ಲಿನಲ್ಲಿ ಕಚ್ಚಿ ಚಾಕು ಬಿಚ್ಚೋಣವೆಂದರೆ ಮುಂದಿನ ಹಲ್ಲುಗಳನ್ನು ಹೊಗೆಸೊಪ್ಪು ಮೊದಲೇ ತಿಂದಿತ್ತು. ಇನ್ನು ಕುರಿ ಕಾಯುವುದು ನಿಂತಿತು ಎಂದು ನಾವೆಲ್ಲ ಅಂದುಕೊಂಡೆವು. ಅತ್ತೆ ಕಟ್ಟು ಬಿಚ್ಚಿಸಿಕೊಂಡ ಮರುದಿನವೇ ಕೋಲು ಹಿಡಿದು ಹೊರಟರು. ಅವರಿಗೆ ಆಸರೆಯಾದದ್ದು ಆ ಹಳೆಯ ಚಾಕು. ವರ್ಷಗಟ್ಟಲೆ ಬಳಸಿ ಅದರ ಕೀಲು ಎಷ್ಟು ಸಡಿಲವಾಗಿತ್ತೆಂದರೆ, ಬಲಗೈ ಒಂದನ್ನೇ ಝಾಡಿಸಿದರೆ ಅಲಗು ಹೊರಗೆ ಬರುತ್ತಿತ್ತು.

ಅತ್ತೆಯ ಒಂದು ಕೈಗೆ ಬಿಚ್ಚಿಕೊಳ್ಳುವ ಚಾಕು ಮಗುವಿನ ಕೈಗೂ ಬಿಚ್ಚಿಕೊಳ್ಳುತ್ತದೆ. ನಾನು ಶಾಲೆಗೆ ಕಂಪ್ಯೂಟರ್ ಪಾಠ ಹೇಳಲು ಹೋಗಿ ಇನ್ನೂ ಬಂದಿರದ ಒಂದು ಸಂಜೆ ಕಾಂಚನಾ ಕೊಬ್ಬರಿ ಚೂರು ಹುಡುಕುತ್ತ ಅಜ್ಜಿಯ ಸಂಚಿಗೆ ಕೈ ಹಾಕಿದಳು. ನಾನು ಬರುವಷ್ಟರಲ್ಲಿ ಅತ್ತೆ ಅವಳ ಕುಯ್ದುಹೋದ ಅಂಗೈಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದರು. ಮೊಳಕಾಲ್ಮೂರಿಗೆ ಎತ್ತಿಕೊಂಡು ಓಡಿ ಹೊಲಿಗೆ ಹಾಕಿಸಿದೆ. ಮಗು ಅತ್ತದ್ದಕ್ಕಿಂತ ನಾನು ಕೂಗಾಡಿದ್ದೇ ಹೆಚ್ಚು. ಅತ್ತೆ ಸಣ್ಣ ಗಾಯ, ಮಾಯ್ತೈತೆ ಎಂದಷ್ಟೇ ಹೇಳಿ ಕುರಿ ಹಟ್ಟಿಯ ಕಡೆ ಹೋದರು. ಆ ಸಣ್ಣ ಗಾಯ ಎಂಬ ಮಾತು ನನಗೆ ಇಂದಿಗೂ ಚುಚ್ಚುತ್ತದೆ.

ಕೆಲವು ದಿನಗಳಲ್ಲೇ ಆ ಚಾಕು ಟಗರಿನ ಗೊರಸಿನಲ್ಲಿ ಸಿಕ್ಕಿ ಮುರಿಯಿತು. ನನಗೆ ಹಬ್ಬವಾದಷ್ಟು ಖುಷಿಯಾಯಿತು.

ಹೊಸದಕ್ಕೆ ಅತ್ತೆ ಚಳ್ಳಕೆರೆಗೆ ಹೊರಟರು. ಎಂಥದ್ದು ತರುತ್ತಾರೋ ನಾನೇ ನೋಡಬೇಕೆಂದು ಮಗುವನ್ನೂ ಎತ್ತಿಕೊಂಡು ಬಸ್ಸು ಹತ್ತಿದೆ. ಬೊಮ್ಮಲಿಂಗಪ್ಪ ಎಂಬವರ ಕಬ್ಬಿಣದ ಸಾಮಾನಿನ ಅಂಗಡಿ. ಕುಡುಗೋಲು, ಸಲಿಕೆ, ಬಾವಿ ಹಗ್ಗಗಳ ನಡುವೆ ಒಂದು ತಗಡಿನ ಡಬ್ಬಿಯ ತುಂಬ ಮಡಚುವ ಚಾಕುಗಳು. ಅತ್ತೆ ನೆಲದ ಮೇಲೆ ಕೂತರು. ಒಂದೊಂದನ್ನೇ ಬಲಗೈಗೆ ತೆಗೆದುಕೊಂಡು, ಮೂರು ಬೆರಳಲ್ಲಿ ಹಿಡಿ ಒತ್ತಿ, ಅಲಗಿನ ಮೇಲಿನ ಗೀರಿಗೆ ಹೆಬ್ಬೆರಳಿನ ಉಗುರು ಸಿಕ್ಕಿಸಿ ನೂಕುವುದು. ಅಲುಗದಿದ್ದರೆ ಪಕ್ಕಕ್ಕೆ. ಬಿಚ್ಚಿಕೊಂಡರೆ ಅಲಗನ್ನು ಕಿವಿಯ ಹತ್ತಿರ ತಂದು ಉಗುರಿನಿಂದ ಮೀಟಿ ಸದ್ದು ಕೇಳುವುದು, ಮೊನೆಯನ್ನು ಹೆಬ್ಬೆರಳಿನ ಮೇಲೆ ಊರಿ ನೋಡುವುದು. ಹೊಳೆಯುವ ಸ್ಟೀಲಿನವನ್ನು ಮುಟ್ಟಲೇ ಇಲ್ಲ. ಅವು ತುಕ್ಕು ಹಿಡಿಯುವುದಿಲ್ಲ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಮಗು ರಚ್ಚೆ ಹಿಡಿಯಿತು, ಬಿಸಿಲು ಅಂಗಡಿಯೊಳಕ್ಕೆ ಬಂತು, ಅತ್ತೆಯ ತಪಾಸಣೆ ಮುಗಿಯಲಿಲ್ಲ.

"ಏನವ್ವ, ಗಂಡು ನೋಡಾಕೆ ಬಂದೋರ ಹಂಗೆ ತಿರುವಿ ತಿರುವಿ ನೋಡ್ತೀಯಲ್ಲ," ಅಂದರು ಬೊಮ್ಮಲಿಂಗಪ್ಪ.

"ಗಂಡನ್ನ ನಮ್ಮಪ್ಪ ಆರಿಸಿದ. ಇದನ್ನಾದ್ರೂ ನಾನು ಆರಿಸ್ತೀನಿ, ಸುಮ್ಕಿರು," ಅಂದರು ಅತ್ತೆ.

ಪಕ್ಕಕ್ಕೆ ಬಿದ್ದ ರಾಶಿಯಿಂದ ನಾನು ಒಂದನ್ನು ಎತ್ತಿಕೊಂಡೆ. ಕೀಲು ಬಹಳ ಬಿಗಿ. ನನಗೇ ಎರಡು ಕೈ ಹಾಕಿ ಎಳೆಯಬೇಕಾಯಿತು.

"ಇದನ್ನ ತಗೊಳ್ಳಿ ಅತ್ತೆ. ಮಗುಗೆ ಬಿಚ್ಚೋಕಾಗಲ್ಲ."

"ಕೂಸಿಗಾಗಲ್ಲ. ನನಗೂ ಆಗಲ್ಲ."

ಹಿಡಿಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಬಿಚ್ಚಬಹುದಲ್ಲ ಎಂದು ಬೊಮ್ಮಲಿಂಗಪ್ಪ ತೋರಿಸಿದರು. ಅತ್ತೆಗೆ ರೇಗಿತು. "ಅಲ್ಲಿ ಕುರಿ ಇರ್ತೈತೆ ಕಣಪ್ಪ. ಕುರೀನ ನೀನು ಬಂದು ಹಿಡ್ಕಂತೀಯಾ?"

ಕೊನೆಗೆ ಅವರು ಆರಿಸಿದ್ದು ನಾನು ಹೆದರಿದಂಥದ್ದೇ. ಸಡಿಲ ಕೀಲು, ಕಪ್ಪು ಅಲಗು, ದಬ್ಬಳದಂಥ ಮೊನೆ. ನಾನು ಅಂಗಡಿಯಲ್ಲೇ ಜಗಳವಾಡಿದೆ. ಮಗುವಿನ ಅಂಗೈ ಬಿಡಿಸಿ ಹೊಲಿಗೆಯ ಕಲೆಯನ್ನು ಅವರ ಮುಖದ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ಚಾಕು ಮಡಚಿ ಸಂಚಿಗೆ ಹಾಕಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂತೆ.

ಅಂಗಡಿಯಿಂದ ಬಂದ ಚಾಕುವಿಗೆ ಹರಿತವಿರುವುದಿಲ್ಲ, ಸಾಣೆ ಹಿಡಿಸಬೇಕು. ಗೋವರ್ಧನನ ಅಂಗಡಿಯಲ್ಲಿ ಕರೆಂಟಿನ ಸಾಣೆಚಕ್ರವಿದೆ. ಕೊಡವ್ವ, ನಾನೇ ಹಿಡಿದು ತರ್ತೀನಿ ಎಂದು ಅವನೇ ಕೇಳಿ ತೆಗೆದುಕೊಂಡು ಹೋದ. ಸಂಜೆ ತಂದು, ಮಡಚಿದ ಹಾಗೆಯೇ ಹೊಸ್ತಿಲ ಪಕ್ಕದಲ್ಲಿ ನೆಲದ ಮೇಲಿಟ್ಟ. ನಮ್ಮ ಮನೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದಂತೆ. ಅತ್ತೆ ನೆಲದಿಂದ ಎತ್ತಿ ಸಂಚಿಗೆ ಹಾಕಿಕೊಂಡರು. ಬಿಚ್ಚಿ ನೋಡಲಿಲ್ಲ. ಹೆತ್ತ ಮಗ ಹಿಡಿದು ತಂದ ಸಾಣೆಯನ್ನು ಯಾಕೆ ನೋಡಬೇಕು?

ಮರುದಿನ ಸಂಜೆ ನಾನು ಶಾಲೆಯಿಂದ ಬಂದಾಗ ಅತ್ತೆ ಹಟ್ಟಿಯಲ್ಲಿ ಒಂದು ಕುರಿಯನ್ನು ಕೆಡವಿ ಮೊಣಕಾಲ ನಡುವೆ ಒತ್ತಿ ಹಿಡಿದಿದ್ದರು. ಅದು ಬೆಳಿಗ್ಗೆಯಿಂದ ಕುಂಟುತ್ತಿತ್ತಂತೆ. ಹೊಸ ಚಾಕುವಿಗೆ ಮೊನೆಯ ಕೆಲಸ ಬಿದ್ದದ್ದು ಅದೇ ಮೊದಲು. ಮಣಿಕಟ್ಟು ಝಾಡಿಸಿದರು, ಚಾಕು ಬಿಚ್ಚಿಕೊಂಡಿತು. ಗೊರಸಿನ ಮುಳ್ಳಿಗೆ ಊರಿದರು. ನಾಟಲಿಲ್ಲ. ಮತ್ತೆ ಊರಿದರು. ಆಮೇಲೆ ಅಲಗನ್ನು ಕಣ್ಣ ಹತ್ತಿರ ತಂದುಕೊಂಡರು. ಮೊನೆ ಇರಲಿಲ್ಲ. ತುದಿಯನ್ನು ಚಮಚದ ಬಾಯಿಯ ಹಾಗೆ ದುಂಡಗೆ ಉಜ್ಜಿ ನುಣುಪು ಮಾಡಲಾಗಿತ್ತು.

ಅತ್ತೆ ತಲೆಯೆತ್ತಿ ನನ್ನನ್ನೇ ನೋಡಿದರು. ನನಗೆ ಗೊತ್ತಿಲ್ಲ ಅತ್ತೆ ಎಂದೆ. ಅವರು ನಂಬಲಿಲ್ಲ. ಮೊನ್ನೆ ಅಷ್ಟು ಕೂಗಾಡಿದವಳನ್ನು ಯಾರು ನಂಬುತ್ತಾರೆ?

ಸೇಫ್ಟಿ ಪಿನ್ನು ಕೊಟ್ಟೆ, ಅದು ಬಾಗಿತು. ಕುರಿ ಒದೆಯುತ್ತಿತ್ತು. ಮುಟ್ಟಿದಲ್ಲೆಲ್ಲ ಕೀವು. ಕಡೆಗೆ ಅತ್ತೆ ಪಕ್ಕದ ಹಟ್ಟಿಯ ಹುಲಿಯಪ್ಪನನ್ನು ಕರೆದರು. ಆ ಮನುಷ್ಯ ನಿಧಾನಕ್ಕೆ ಬಂದು, ತನ್ನ ಚಾಕುವನ್ನು ಎರಡೂ ಕೈಯಲ್ಲಿ ಬಿಚ್ಚಿ, ಮುಳ್ಳು ತೆಗೆದು, ಅದನ್ನು ಅಂಗೈಯಲ್ಲಿಟ್ಟು ನಮಗೆಲ್ಲ ತೋರಿಸಿದ.

"ಹುಚ್ಚಕ್ಕೋ, ಇನ್ಮ್ಯಾಲೆ ಮುಳ್ಳು ಹೊಕ್ಕಾಗೆಲ್ಲ ಒಂದು ಕೂಗು ಹಾಕು, ಬರ್ತೀನಿ. ಇಲ್ಲಾ, ಕುರೀನೇ ನನ್ನ ಹಟ್ಟಿಗೆ ಹೊಡ್ದುಬಿಡು," ಎಂದು ನಕ್ಕ.

ಅತ್ತೆ ಕುರಿಯನ್ನು ಮೊಣಕಾಲಿನಿಂದ ಸಡಿಲಿಸಿ ಬಿಟ್ಟರು. ಅವರ ಕತ್ತಿನ ನರ ಹುರಿಯ ಹಾಗೆ ಎದ್ದು ನಿಂತಿತ್ತು.

ಗೋವರ್ಧನನ ಬೈಕು ಬಂದು ನಿಂತಾಗ ಅವರು ಅಂಗಳದಲ್ಲಿ ಕಾಯುತ್ತಿದ್ದರು. ಬಿಚ್ಚಿದ ಚಾಕುವನ್ನು ಅವನ ಕಾಲ ಮುಂದೆ ನೆಲಕ್ಕಿಟ್ಟರು.

"ನನ್ನ ಎಡಗೈನ ಮಿಷನ್ನು ತಿಂತು. ಬಲಗೈನ ನೀನು ತಿಂದೆ."

ಅವನು ತಡವರಿಸಲಿಲ್ಲ. ಮಗುವಿಗೋಸ್ಕರ ಮಾಡಿದೆ ಅಂದ. ನನ್ನ ಕಡೆ ಕೈ ತೋರಿಸಿ, ಆಶಾ ದಿನಾ ಹೆದರಿ ಸಾಯ್ತಾಳೆ, ಅವಳ ಸಂಕಟ ನೋಡೋಕಾಗದೆ ಮಾಡಿದೆ ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ನಂಬಿಬಿಡುತ್ತಿದ್ದೆನೇನೋ. ಅದೇ ಉಸಿರಿನಲ್ಲಿ, ಇನ್ನು ನಿನ್ನ ಕೈಯಲ್ಲಿ ಆಗಲ್ಲವ್ವ, ಕುರಿ ವ್ಯಾಪಾರಿ ಹತ್ರ ಮಾತಾಡಿದ್ದೀನಿ, ಬರೋ ವಾರ ಬಂದು ಹೊಡ್ಕಂಡು ಹೋಗ್ತಾನೆ, ನೀನು ಆರಾಮಾಗಿ ಮನೇಲಿದ್ದು ಮಗು ನೋಡ್ಕೋ ಎಂದ.

ವ್ಯಾಪಾರಿಯ ಹತ್ತಿರ ಮಾತಾಡಿದ್ದು ಯಾವಾಗ ಎಂದು ಕೇಳಿದೆ. ಅವನು ಬೈಕಿನ ಕೀಲಿ ತಿರುಗಿಸುತ್ತ ನಿಂತ. ಬಿಡದೆ ಕೇಳಿದ ಮೇಲೆ ಹೇಳಿದ. ಹಳೆಯ ಚಾಕು ಮುರಿಯುವುದಕ್ಕೂ ಮೊದಲು. ಮಗುವಿನ ಕೈ ಕುಯ್ಯುವುದಕ್ಕೂ ಮೊದಲು.

ಅತ್ತೆಯ ಎದುರಿಗೆ ನಾನು ನನ್ನ ಗಂಡನನ್ನು ಯಾವತ್ತೂ ಏಕವಚನದಲ್ಲಿ ಕರೆದವಳಲ್ಲ. ಅಂದು ಕರೆದೆ.

"ನಿನಗೆ ಕುರಿ ಬೇಡ ಅಂದ್ರೆ ನಿಮ್ಮಮ್ಮನ ಮುಂದೆ ನಿಂತು ಬೇಡ ಅನ್ನು. ನನ್ನ ಮಗಳ ಗಾಯ ತೋರಿಸಿ ಅವರ ಕೈ ಯಾಕೆ ಕಟ್ಟಿಹಾಕ್ತೀಯ? ನಾನು ಹೆದರೋದು ನಿಜ. ಅದು ನನ್ನ ಹೆದರಿಕೆ, ನಿನಗೆ ಬಾಡಿಗೆಗೆ ಕೊಟ್ಟಿಲ್ಲ."

ಇನ್ನೂ ಏನೇನೋ ಅಂದೆ. ಓಣಿಯವರು ಕೇಳಿಸಿಕೊಂಡರು, ಹುಲಿಯಪ್ಪನೂ ಕೇಳಿಸಿಕೊಂಡಿರಬೇಕು. ಗೋವರ್ಧನ, ಇಬ್ಬರೂ ಸೇರಿ ಏನಾದ್ರೂ ಮಾಡ್ಕೊಳ್ಳಿ ಎಂದು ಒಳಗೆ ಹೋದ. ನಾವು ಸೇರಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ, ವ್ಯಾಪಾರಿ ಹಟ್ಟಿಗೆ ಕಾಲಿಟ್ಟರೆ ನಾಯಿ ಬಿಡ್ತೀನಿ ಅಂತ ಹೇಳು ನಿನ್ನ ಗಂಡಂಗೆ ಎಂದರು.

ಎರಡನೆಯ ಸಲ ಚಳ್ಳಕೆರೆಗೆ ಹೋದಾಗ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದೆವು. ನೀನ್ಯಾಕೆ ಬರ್ತೀಯ ಅಂದರು ಅತ್ತೆ. ಬಂದೇ ಬರುತ್ತೇನೆ ಅಂದೆ. ಅಂಗಡಿಯಲ್ಲಿ ಅವರು ಮೊದಲಿನಂತೆಯೇ ಹುಡುಕಿ, ಸಡಿಲ ಕೀಲಿನ, ಚೂಪು ಮೊನೆಯ ಇನ್ನೊಂದನ್ನು ಹಿಡಿದರು. ನಾನು ಈ ಸಲ ಬಿಗಿ ಚಾಕು ತೋರಿಸಲಿಲ್ಲ.

"ಅದನ್ನೇ ತಗೊಳ್ಳಿ. ಆದ್ರೆ ಇದು ಸಂಚಿಯಲ್ಲಿರಬಾರದು. ಮೈಮೇಲೆ ಚಾಕು ಇರೋವರೆಗೂ ಮಗು ನಿಮ್ಮ ತೊಡೆ ಮೇಲೆ ಕೂರಬಾರದು. ಅದರಲ್ಲಿ ಸೌತೆಕಾಯಿ ಕೊಯ್ಯಬಾರದು."

ಅತ್ತೆಗೆ ಸಿಟ್ಟು ಬಂತು. ಬೊಮ್ಮಲಿಂಗಪ್ಪನ ಎದುರಿಗೇ, ತೆಲುಗಿನಲ್ಲಿ, ನನಗೆ ಅರ್ಥವಾಗದ್ದೆಲ್ಲ ಅಂದರು. ಆಮೇಲೆ ಕನ್ನಡದಲ್ಲಿ, "ಮೊಮ್ಮಗಳು ಓಡಿ ಬಂದ್ರೆ ದೂರ ನಿಲ್ಲು ಅನ್ಲಾ?"

"ಅನ್ನಿ."

ಅವರು ಚಾಕು ಹಿಡಿದೇ ಕೂತರು. ಬಿಚ್ಚುವುದು, ಮಡಚುವುದು, ಬಿಚ್ಚುವುದು. ಬೇಡ ಎಂದು ಡಬ್ಬಿಗೆ ಹಾಕಿಬಿಡುತ್ತಾರೇನೋ ಅನ್ನಿಸಿತು. ಹಾಕಲಿಲ್ಲ. ಒಂದು ಗೇಣು ಹುರಿಹಗ್ಗ ಕೇಳಿ ಪಡೆದು, ಹಿಡಿಯ ತೂತಿಗೆ ಪೋಣಿಸಲು ಎಡಗೈಯ ಮೊಂಡು ಬೆರಳುಗಳಿಂದ ಹೆಣಗಾಡಿದರು. ನಾನು ಕೈ ಚಾಚಿದೆ, ಕೊಡಲಿಲ್ಲ. ತಾವೇ ಪೋಣಿಸಿ, ಸೀರೆಯೊಳಗೆ ಲಂಗದ ದಾರಕ್ಕೆ ಕಟ್ಟಿಕೊಂಡರು.

ಈಗ ಕುರಿಗಳು ನಮ್ಮ ಹಟ್ಟಿಯಲ್ಲೇ ಇವೆ. ಹುಲಿಯಪ್ಪನನ್ನು ಮತ್ತೆ ಯಾರೂ ಕೂಗಿಲ್ಲ. ಗೋವರ್ಧನನಿಗೂ ಅವನ ತಾಯಿಗೂ ಊಟಕ್ಕೆ ಕರೆಯುವಷ್ಟೇ ಮಾತು. ಹಾಗೇ ಇರಲಿ ಎಂದು ನಾನೂ ಸಂಧಾನಕ್ಕೆ ಹೋಗಿಲ್ಲ.

ದಿನಾ ಸಂಜೆ ಕುರಿಗಳ ಸದ್ದು ಕೇಳಿದ ಕೂಡಲೇ ಕಾಂಚನಾ ಅಜ್ಜಿಯ ಕಡೆ ಓಡುತ್ತಾಳೆ. ಅತ್ತೆ ಕೋಲು ಅಡ್ಡ ಹಿಡಿದು, ಲೇ, ಅಲ್ಲೇ ನಿಲ್ಲು ಎಂದು ಗದರುತ್ತಾರೆ. ಒಳಗೆ ಹೋಗಿ ಸೊಂಟದ ಗಂಟು ಬಿಚ್ಚಿ ಚಾಕುವನ್ನು ಅಟ್ಟದ ಮೇಲೆ ಎಸೆಯಬೇಕು. ಒಂದೇ ಕೈಯಲ್ಲಿ ಗಂಟು ಬಿಚ್ಚಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಮಗುವಿಗೆ ಮುನಿಸು. ಅತ್ತೆ ಬಂದು ತೊಡೆ ತಟ್ಟಿ ಕರೆದರೂ ಹೋಗುವುದಿಲ್ಲ, ನನ್ನ ಸೀರೆ ಹಿಡಿದು ನಿಲ್ಲುತ್ತದೆ. ಅತ್ತೆ ನನ್ನನ್ನು ನೋಡುತ್ತಾರೆ. ಹೋಗು ಪುಟ್ಟ, ಅಜ್ಜಿ ಕರೀತಿದಾರೆ ಎಂದು ನಾನೇ ಮಗುವನ್ನು ಮುಂದಕ್ಕೆ ನೂಕುತ್ತೇನೆ. ಕೆಲವು ದಿನ ಹೋಗುತ್ತಾಳೆ. ಕೆಲವು ದಿನ ಎಷ್ಟು ನೂಕಿದರೂ ಹೋಗುವುದಿಲ್ಲ.